ಮೂರು ದಿನ, ಮೂರು ತಾರೀಖು, ಒಂದು ಲಿಸ್ಬನ್

ನಮ್ಮ ಆಫೀಸುಗಳಲ್ಲಿ ಯುರೋಪ್ ಟ್ರಿಪ್ ಅಂದರೆ ಒಂದು ಸಿದ್ಧ ಪಟ್ಟಿ ಇದೆ. ಪ್ಯಾರಿಸ್, ಸ್ವಿಟ್ಜರ್‌ಲೆಂಡ್, ವೆನಿಸ್, ರೋಮ್. ಹತ್ತು ದಿನಕ್ಕೆ ಆರು ಊರು. ವಾಪಸ್ ಬಂದು ಫೋಟೋ ತೋರಿಸುವಾಗ ಯಾವುದು ಯಾವ ಊರಿಂದು ಅಂತ ಒಂದು ಕ್ಷಣ ಯೋಚಿಸಬೇಕಾಗುತ್ತೆ. ಆ ಪಟ್ಟಿಯಲ್ಲಿ ಲಿಸ್ಬನ್ ಇರುವುದು ಅಪರೂಪ. ಭೂಪಟದಲ್ಲಿ ಅದು ಯುರೋಪಿನ ಪಶ್ಚಿಮದ ತುತ್ತತುದಿಯಲ್ಲಿ, ಇನ್ನೇನು ಸಮುದ್ರಕ್ಕೆ ಬಿದ್ದೇಬಿಡುತ್ತೇನೋ ಅನ್ನುವ ಹಾಗೆ ಕೂತಿದೆ. ಅಷ್ಟು ದೂರ ಯಾರು ಹೋಗ್ತಾರೆ ಅಂತ ಟೂರ್ ಕಂಪನಿಯವರು ಬಿಟ್ಟುಬಿಡುತ್ತಾರೆ.

ತಮಾಷೆ ಏನಂದರೆ, ಈ ಎಲ್ಲ ಊರುಗಳಲ್ಲಿ ನಮಗೆ ಹೆಚ್ಚು ಹಳೆಯ ಲೆಕ್ಕ ಬಾಕಿ ಇರುವುದು ಲಿಸ್ಬನ್ ಜೊತೆಗೇ. ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ ‘ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು?’ ಅಂತ ಒಂದು ಅಂಕದ ಪ್ರಶ್ನೆ ಬರುತ್ತಿತ್ತಲ್ಲ, ಆ ವಾಸ್ಕೋ ಡ ಗಾಮ ಹೊರಟಿದ್ದು ಇಲ್ಲಿಂದ. ಅವನನ್ನು ಹೂತಿರುವುದೂ ಇಲ್ಲೇ. ನಾನು ಬೆಳೆದಿದ್ದು ಅಡಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಊರಿನಲ್ಲಿ. ಅಂಗಳದ ಕಂಬಳಿ ಮೇಲೆ ಒಣಗುವ ಆ ಕರೀ ಕಾಳಿಗೋಸ್ಕರ ಭೂಮಿಯ ಇನ್ನೊಂದು ತುದಿಯಿಂದ ಹಡಗು ಬಂದಿದ್ದವು ಅಂದರೆ, ಆ ಹಡಗು ಹೊರಟ ಊರು ಹೇಗಿದೆ ಅಂತ ನೋಡಬೇಕು ಅನ್ನಿಸುವುದು ಸಹಜ ತಾನೇ?

ನೋಡಿದರೆ ಊರು ಮಾತ್ರ ಬಹಳ ಚೆಂದ. ಏಳು ಗುಡ್ಡ, ಕೆಳಗೆ ಸಮುದ್ರದಷ್ಟು ಅಗಲದ ತೇಜು ನದಿ, ಹಳದಿ ಟ್ರಾಮು, ಗೋಡೆ ತುಂಬ ನೀಲಿ ಹೆಂಚಿನ ಚಿತ್ತಾರ, ಮಧ್ಯರಾತ್ರಿಯಾದರೂ ಬೀದಿಯಲ್ಲಿ ಕೂತು ಹರಟುವ ಜನ. ಇಲ್ಲಿ ಖುಷಿಯಾಗಿರೋದಕ್ಕೆ ಯಾರ ಮಾರ್ಗದರ್ಶನವೂ ಬೇಕಿಲ್ಲ. ಆದರೆ ಈ ಊರಿನ ಪ್ರತಿಯೊಂದು ಖುಷಿಯ ಹಿಂದೆಯೂ ಒಂದು ಬಿಲ್ಲು ಇದೆ, ಅದನ್ನು ಯಾರೋ ಕಟ್ಟಿದ್ದಾರೆ. ಆ ಬಿಲ್ಲನ್ನೂ ಓದಿಕೊಂಡು ಓಡಾಡಿದರೆ ಲಿಸ್ಬನ್ ಇನ್ನೂ ಹೆಚ್ಚು ದಕ್ಕುತ್ತದೆ ಅನ್ನೋದು ನನ್ನ ವಾದ. ಹಾಗಾಗಿ ಮೂರು ದಿನ ಇಟ್ಟುಕೊಳ್ಳಿ. ದಿನಕ್ಕೊಂದು ತಾರೀಖು.

ಹೊರಡುವ ಮುಂಚೆ ಒಂದೇ ಸೂಚನೆ. ಒಳ್ಳೆ ಗ್ರಿಪ್ ಇರುವ ಶೂ ಹಾಕಿಕೊಳ್ಳಿ. ಇಲ್ಲಿನ ಫುಟ್‌ಪಾತುಗಳನ್ನು ಸಣ್ಣ ಸಣ್ಣ ಬಿಳಿ-ಕಪ್ಪು ಕಲ್ಲಿನ ತುಂಡು ಜೋಡಿಸಿ ಮಾಡಿದ್ದಾರೆ. ನೋಡೋಕೆ ರಂಗೋಲಿ. ಮಳೆ ಬಿದ್ದರೆ ಪಾಚಿ ಕಟ್ಟಿದ ಬಚ್ಚಲು.

ಮೊದಲ ದಿನ: 1755 ನವೆಂಬರ್ 1

ಬೆಳಿಗ್ಗೆ ಅಲ್ಫಾಮಾ ಅನ್ನುವ ಹಳೇ ಬಡಾವಣೆಯಿಂದ ಶುರುಮಾಡಿ. ಹೆಸರು ಅರಬ್ಬಿಯದು. 1147ರಲ್ಲಿ ಪೋರ್ಚುಗಲ್ಲಿನ ಮೊದಲ ರಾಜ ಅಫೋನ್ಸೊ ಹೆನ್ರಿಕ್ಸ್, ಕ್ರುಸೇಡಿಗೆ ಹೊರಟಿದ್ದ ಸೈನಿಕರ ಸಹಾಯ ತಗೊಂಡು ಈ ಊರನ್ನು ಮುಸ್ಲಿಂ ದೊರೆಗಳಿಂದ ಕಿತ್ತುಕೊಂಡ. ಅದಕ್ಕೂ ಮುಂಚಿನ ಓಣಿಗಳ ಜಾಡು ಇಲ್ಲಿ ಇನ್ನೂ ಉಳಿದಿದೆ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟು ಕಿರಿದು. ಗೂಗಲ್ ಮ್ಯಾಪ್ ಇಲ್ಲಿ ಕೈ ಎತ್ತಿಬಿಡುತ್ತದೆ. ಎತ್ತಲಿ ಬಿಡಿ, ದಾರಿ ತಪ್ಪುವುದೇ ಇಲ್ಲಿನ ಮಜಾ. ಮೇಲಕ್ಕೆ ಹತ್ತುತ್ತಾ ಹೋದರೆ ಕೋಟೆ ಸಿಗುತ್ತೆ, ಇಳಿಯುತ್ತಾ ಹೋದರೆ ನದಿ.

ನಡುವೆ ಸಾಂತಾ ಲುಜಿಯಾ ಅಂತ ಒಂದು ಪುಟ್ಟ ಚರ್ಚು, ಪಕ್ಕದಲ್ಲೇ ಊರು ನೋಡುವ ಕಟ್ಟೆ. ಎಲ್ಲರೂ ನದಿಯ ಕಡೆ ಮುಖ ಮಾಡಿ ಸೆಲ್ಫಿ ತೆಗೀತಿರುತ್ತಾರೆ. ನೀವು ಚರ್ಚಿನ ಗೋಡೆ ಕಡೆ ತಿರುಗಿ. ಅಲ್ಲೊಂದು ನೀಲಿ ಹೆಂಚಿನ ಚಿತ್ರವಿದೆ. ನದಿಯ ದಂಡೆಯ ದೊಡ್ಡ ಚೌಕ, ಅದರ ಪಕ್ಕ ಅರಮನೆ, ಗೋಪುರ. ಆ ಚೌಕ ಇವತ್ತೂ ಇದೆ. ಚಿತ್ರದಲ್ಲಿರುವ ಅರಮನೆ ಇಲ್ಲ. ಇದು 1755ಕ್ಕಿಂತ ಮುಂಚಿನ ಲಿಸ್ಬನ್. ಇದನ್ನು ಇನ್ನೂ ವಿವರವಾಗಿ ನೋಡಬೇಕೆಂದರೆ ಊರಿನ ಪೂರ್ವಕ್ಕಿರುವ ಹೆಂಚಿನ ಮ್ಯೂಸಿಯಮ್ಮಿಗೆ ಹೋಗಿ. ಅಲ್ಲಿ ಸುಮಾರು 23 ಮೀಟರ್ ಉದ್ದಕ್ಕೆ ನದಿಯಿಂದ ಕಾಣುವ ಹಾಗೆ ಇಡೀ ಹಳೇ ಊರನ್ನೇ ಹೆಂಚಿನ ಮೇಲೆ ಬರೆದಿಟ್ಟಿದ್ದಾರೆ. ಒಂಥರಾ ಬ್ಯಾಕಪ್ ಇದ್ದ ಹಾಗೆ. ಮೂಲ ಪ್ರತಿ ಮಾತ್ರ ಇಲ್ಲ.

ಏನಾಯ್ತು ಅಂದರೆ, ಅವತ್ತು ಕ್ರೈಸ್ತರಿಗೆ ಸರ್ವ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು. ಊರಿಗೆ ಊರೇ ಚರ್ಚಿನೊಳಗೆ. ಎಲ್ಲ ಕಡೆ ಮೇಣದಬತ್ತಿ ಹಚ್ಚಿದ್ದರು. ಆಗ ಭೂಮಿ ಅಲುಗಿತು. ಒಂದೆರಡು ಸೆಕೆಂಡಲ್ಲ, ಹಲವು ನಿಮಿಷ. ಕಲ್ಲಿನ ಚಾವಣಿಗಳು ಪ್ರಾರ್ಥನೆ ಮಾಡುತ್ತಿದ್ದವರ ಮೇಲೆ ಕುಸಿದವು. ಬದುಕಿದವರು ಕಟ್ಟಡಗಳಿಂದ ದೂರ ಇರೋಣ ಅಂತ ನದಿಯ ದಂಡೆಗೆ ಓಡಿದರು. ಸುಮಾರು ನಲವತ್ತು ನಿಮಿಷದ ಮೇಲೆ ಅಲ್ಲಿಗೆ ಸುನಾಮಿ ಬಂತು. ಉರುಳಿದ ಮೇಣದಬತ್ತಿ, ಒಲೆಗಳಿಂದ ಹತ್ತಿದ ಬೆಂಕಿ ಐದಾರು ದಿನ ಉರಿಯಿತು. ಹಲವು ಹತ್ತು ಸಾವಿರ ಜನ ಸತ್ತರು ಅಂತ ಅಂದಾಜು. ಅದೇ ವರ್ಷ ಶುರುವಾಗಿದ್ದ ವೈಭವದ ಒಪೆರಾ ಮನೆ ಏಳೇ ತಿಂಗಳಿಗೆ ನೆಲಸಮ. ಅರಮನೆಯ ಗ್ರಂಥಾಲಯದ ಸುಮಾರು 70,000 ಪುಸ್ತಕ, ಭಾರತದ ವ್ಯಾಪಾರದ ಲೆಕ್ಕ ಇಟ್ಟಿದ್ದ ‘ಕಾಸಾ ದ ಇಂಡಿಯಾ’ ಕಚೇರಿಯ ಕಡತಗಳು, ಎಲ್ಲ ಬೂದಿ.

ರಾಜ ಒಂದನೇ ಜೋಸೆ ಅವತ್ತು ಬೆಲೆಂ ಕಡೆ ಹೋಗಿದ್ದರಿಂದ ಉಳಿದುಕೊಂಡ. ಆದರೆ ಆಮೇಲೆ ಅವನಿಗೆ ಕಲ್ಲಿನ ಚಾವಣಿ ಕೆಳಗೆ ಮಲಗೋದಕ್ಕೇ ಭಯ. ಗುಡ್ಡದ ಮೇಲೆ ಡೇರೆ, ಮರದ ಮನೆ ಕಟ್ಟಿಸಿಕೊಂಡು ಅಲ್ಲೇ ಇದ್ದುಬಿಟ್ಟ. ಊರು ಕಟ್ಟುವ ಕೆಲಸ ಬಿದ್ದಿದ್ದು ಅವನ ಮಂತ್ರಿಯ ಹೆಗಲಿಗೆ. ನಾವೀಗ ಅವನನ್ನು ಪೊಂಬಾಲಿನ ಮಾರ್ಕ್ವಿಸ್ ಅಂತ ಕರೀತೀವಿ.

ಇಲ್ಲಿಂದ ಮುಂದಿನ ಕತೆ ಎಂಜಿನಿಯರುಗಳು ಕೇಳಲೇಬೇಕಾದ್ದು. ಮಾನುಯೆಲ್ ದ ಮಾಯಾ ಅಂತ ಒಬ್ಬ ಮುಖ್ಯ ಎಂಜಿನಿಯರ್. ಆಗ ಅವನಿಗೆ 78 ವರ್ಷ. ರಾಜ್ಯದ ದಾಖಲೆಗಳ ಭಂಡಾರದ ಉಸ್ತುವಾರಿಯೂ ಅವನದೇ. ಭಂಡಾರವಿದ್ದ ಕೋಟೆಯ ಗೋಪುರ ಬಿದ್ದಾಗ ಕಡತಗಳನ್ನು ಅವಶೇಷದಿಂದ ಎತ್ತಿಸಿ ಉಳಿಸಿದ. ಮರುತಿಂಗಳು, ಡಿಸೆಂಬರ್ 4ಕ್ಕೆ, ಊರು ಹೇಗೆ ಕಟ್ಟಬಹುದು ಅಂತ ವರದಿಯ ಮೊದಲ ಭಾಗ ಕೊಟ್ಟೂಬಿಟ್ಟ. ಒಂದೇ ಪರಿಹಾರ ಹೇಳಲಿಲ್ಲ, ಆಯ್ಕೆಗಳನ್ನು ಮುಂದಿಟ್ಟ. ಮೊದಲಿದ್ದ ಹಾಗೇ ಕಟ್ಟೋಣವೇ? ಬೀದಿ ಅಗಲ ಮಾಡೋಣವೇ? ಮಹಡಿ ಕಡಿಮೆ ಮಾಡೋಣವೇ? ಎಲ್ಲ ಕೆಡವಿ ಹೊಸದಾಗಿ ಬರೆಯೋಣವೇ? ಇಲ್ಲ ಊರನ್ನೇ ಬೇರೆ ಕಡೆಗೆ ಒಯ್ಯೋಣವೇ? ಪೊಂಬಾಲ್ ಆರಿಸಿದ್ದು ಕೆಡವಿ ಹೊಸದಾಗಿ ಬರೆಯುವ ದಾರಿ.

ಅಲ್ಫಾಮಾದಿಂದ ಇಳಿದು ಬೈಶಾ ಅನ್ನುವ ತಗ್ಗಿನ ಪ್ರದೇಶಕ್ಕೆ ಬಂದರೆ ಅದು ನಿಮ್ಮ ಕಾಲಿಗೇ ಗೊತ್ತಾಗುತ್ತದೆ. ಅಲ್ಲಿಯವರೆಗಿನ ಅಂಕುಡೊಂಕು ತಟ್ಟನೆ ನಿಂತು ಗೀಟು ಹಾಕಿದಂಥ ನೇರ ಬೀದಿಗಳು ಶುರುವಾಗುತ್ತವೆ. ಚಿನ್ನದ ಬೀದಿ, ಬೆಳ್ಳಿ ಬೀದಿ, ಚಪ್ಪಲಿ ಹೊಲಿಯುವವರ ಬೀದಿ. ಕಟ್ಟಡಗಳೆಲ್ಲ ಒಂದೇ ಅಚ್ಚು. ಅವುಗಳ ಗೋಡೆಯೊಳಗೆ ಕಣ್ಣಿಗೆ ಕಾಣದ ಒಂದು ಮರದ ಪಂಜರ ಇದೆ. ನೆಲ ಅಲುಗಿದರೆ ಕಲ್ಲು ಉದುರಬಹುದು, ಆದರೆ ಪಂಜರ ಬಾಗಿ ನಿಂತುಕೊಳ್ಳುತ್ತೆ, ಒಳಗಿದ್ದವರು ಉಳೀತಾರೆ ಅನ್ನುವ ಯೋಚನೆ. ಇದರ ಮಾದರಿ ಕಟ್ಟಿ, ಸುತ್ತ ಸೈನಿಕರಿಂದ ಜೋರಾಗಿ ಹೆಜ್ಜೆ ಹಾಕಿಸಿ ಪರೀಕ್ಷೆ ಮಾಡಿದ್ದರು ಅಂತ ಹೇಳುತ್ತಾರೆ. ಲೋಡ್ ಟೆಸ್ಟಿಂಗ್ ನಮ್ಮ ಕಾಲದ್ದು ಅಂದುಕೊಂಡಿದ್ದವರು ಗಮನಿಸಿ.

ಇನ್ನೊಂದು ಕೆಲಸವನ್ನೂ ಪೊಂಬಾಲ್ ಮಾಡಿದ. ದೇಶದ ಎಲ್ಲ ಚರ್ಚುಗಳಿಗೆ ಒಂದು ಪ್ರಶ್ನಾವಳಿ ಕಳಿಸಿದ. ಕಂಪನ ಎಷ್ಟು ಹೊತ್ತು ಇತ್ತು? ಆಮೇಲೆ ಎಷ್ಟು ಸಲ ಅಲುಗಿತು? ಎಷ್ಟು ಜನ ಸತ್ತರು? ಸಮುದ್ರ ಏರಿತೇ, ಇಳಿಯಿತೇ? ಭೂಕಂಪ ದೇವರ ಶಿಕ್ಷೆ ಅಂತ ಊರೆಲ್ಲ ಹೇಳುತ್ತಿದ್ದಾಗ ಕೇಳಿದ ಪ್ರಶ್ನೆಗಳು ಇವು. ಇವತ್ತಿನ ಭೂಕಂಪ ವಿಜ್ಞಾನಿಗಳು ಆ ಉತ್ತರಗಳನ್ನು ಇನ್ನೂ ಬಳಸುತ್ತಾರೆ.

ಹಾಗಂತ ಪೊಂಬಾಲನನ್ನು ಹೀರೋ ಮಾಡಿ ಕೂರಿಸಬೇಡಿ. ಇದು ದೇವರ ಕೋಪ ಅಂತ ಪುಸ್ತಕ ಬರೆದು ಹಂಚಿದ ಮಲಗ್ರಿಡಾ ಅನ್ನುವ ಮುದುಕ ಪಾದ್ರಿಯನ್ನು ಮೊದಲು ಗಡೀಪಾರು ಮಾಡಿಸಿದ. 1761ರಲ್ಲಿ ಆ ಪಾದ್ರಿಗೆ ರೋಸಿಯು ಚೌಕದಲ್ಲಿ, ಜನರೆದುರಿಗೆ ಕತ್ತು ಬಿಗಿದು ಮರಣದಂಡನೆಯಾಯಿತು. ವಿಜ್ಞಾನದ ಪ್ರಶ್ನೆ ಕೇಳಿದ ಸರ್ಕಾರವೇ ತನಗಾಗದವರ ಬಾಯಿ ಮುಚ್ಚಿಸುವುದರಲ್ಲೂ ಮುಂದಿತ್ತು.

ಬೈಶಾದ ಬೀದಿಗಳು ಉತ್ತರಕ್ಕೆ ಮುಗಿಯುವುದು ಆ ರೋಸಿಯು ಚೌಕದಲ್ಲೇ. ನೆಲದ ಕಲ್ಲುಗಳನ್ನು ಅಲೆ ಅಲೆಯಾಗಿ ಜೋಡಿಸಿದ್ದಾರೆ, ದಿಟ್ಟಿಸಿ ನೋಡುತ್ತಾ ನಡೆದರೆ ತಲೆ ಸುತ್ತುತ್ತೆ. ಒಂದು ಬದಿಗೆ ಬಿಳಿಯ ರಾಷ್ಟ್ರೀಯ ರಂಗಮಂದಿರ. ಅದು ಎದ್ದಿರುವ ಜಾಗದಲ್ಲೇ ಹಿಂದೆ ಇನ್‌ಕ್ವಿಸಿಷನ್ ಅನ್ನುವ ಧರ್ಮನ್ಯಾಯಾಲಯ ಇತ್ತು. 1536ರಲ್ಲಿ ಇಲ್ಲಿ ಶುರುವಾದ ಈ ವ್ಯವಸ್ಥೆ 1560ಕ್ಕೆ ನಮ್ಮ ಗೋವಾಕ್ಕೂ ಬಂತು. ರಂಗಮಂದಿರದ ಪಕ್ಕದಲ್ಲಿ ಸಾಂತೊ ದೊಮಿಂಗೊ ಚರ್ಚು. 1506ರ ಏಪ್ರಿಲ್‌ನಲ್ಲಿ, ಬಲವಂತವಾಗಿ ಮತಾಂತರವಾಗಿದ್ದ ಯಹೂದಿಗಳ ಹತ್ಯಾಕಾಂಡ ಶುರುವಾಗಿದ್ದು ಈ ಚರ್ಚಿನಿಂದ. ಮೂರು ದಿನದಲ್ಲಿ ಸಾವಿರಾರು ಜನರನ್ನು ಕೊಂದರು. ಅದರ ನೆನಪಿಗೆ ಒಂದು ಕಲ್ಲು ನಿಲ್ಲಿಸಿದ್ದು ಐನೂರು ವರ್ಷ ಕಳೆದ ಮೇಲೆ, 2008ರಲ್ಲಿ.

ಆ ಕಲ್ಲಿನಿಂದ ಕೆಲವೇ ಹೆಜ್ಜೆ ದೂರದಲ್ಲಿ 1840ರಿಂದ ನಡೆಯುತ್ತಿರುವ ಒಂದು ಗೂಡಂಗಡಿ. ಚೆರ್ರಿ ಹಣ್ಣಿನ ಸಿಹಿ ಮದ್ಯ, ಜಿಂಜಿಞ್ಞಾ, ಮಾರುತ್ತಾರೆ. ಚಿಕ್ಕ ಲೋಟ, ನಿಂತೇ ಕುಡಿಯೋದು. ಅದೇ ಅಂಗಳದಲ್ಲಿ ಪೋರ್ಚುಗೀಸರ ಹಳೇ ವಸಾಹತುಗಳಿಂದ ಬಂದ ಆಫ್ರಿಕನ್ನರು ಸಂಜೆ ಹೊತ್ತು ಸೇರಿ ಹರಟುತ್ತಿರುತ್ತಾರೆ. ಚರ್ಚಿನೊಳಗೂ ಹೋಗಿ ಬನ್ನಿ. 1959ರಲ್ಲಿ ಬೆಂಕಿ ಬಿದ್ದು ಸೀಳಿದ ಕಂಬಗಳನ್ನು ಸರಿ ಮಾಡದೆ ಹಾಗೇ ಬಿಟ್ಟಿದ್ದಾರೆ.

ಎರಡನೇ ದಿನ: 1497 ಜುಲೈ 8

ಈ ದಿನ ಬೆಲೆಂಗೆ. ನದಿ ಸಮುದ್ರ ಸೇರುವ ದಿಕ್ಕಿಗೆ, 15ನೇ ನಂಬರಿನ ಟ್ರಾಮು. ಸೋಮವಾರ ಬಿಟ್ಟು ಹೋಗಿ, ಅವತ್ತು ಜೆರೋನಿಮೋಸ್ ಮಠ ಮುಚ್ಚಿರುತ್ತೆ. ಬೆಳಿಗ್ಗೆ ಬೇಗ ಹೋದರೆ ಕ್ಯೂ ಕಡಿಮೆ.

1497ರ ಜುಲೈ 8ರಂದು ಗಾಮನ ಹಡಗುಗಳು ಈ ದಂಡೆಯಿಂದ ಹೊರಟವು. ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆ ತಲುಪಿದವು. ವಾಪಸ್ ಹೋಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವಿ ನಡುಗಡ್ಡೆಯಲ್ಲಿ ಹಡಗು ನಿಲ್ಲಿಸಿ ರಿಪೇರಿ ಮಾಡಿಕೊಂಡರು. ಅಲ್ಲಿಯವರೆಗೆ ಕಾಳುಮೆಣಸು ಅರಬ್ ವ್ಯಾಪಾರಿಗಳ ಕೈದಾಟಿ, ಈಜಿಪ್ಟ್ ದಾಟಿ, ವೆನಿಸ್ಸಿನವರ ಮೂಲಕ ಯುರೋಪಿಗೆ ಹೋಗುತ್ತಿತ್ತು. ನಡುವಿನ ಪ್ರತಿಯೊಬ್ಬನೂ ತನ್ನ ಪಾಲು ಸೇರಿಸಿಕೊಳ್ಳುತ್ತಿದ್ದ. ಪೋರ್ಚುಗೀಸರು ನಡುವಿನವರನ್ನೆಲ್ಲ ಬಿಟ್ಟು ನೇರ ಬೆಳೆಯುವ ಜಾಗಕ್ಕೇ ಬಂದರು.

ಆ ದುಡ್ಡು ಎಲ್ಲಿ ಹೋಯ್ತು ಅಂತ ನೋಡಬೇಕಿದ್ದರೆ ಜೆರೋನಿಮೋಸ್ ಮಠದ ಒಳಗೆ ನಿಂತು ತಲೆ ಎತ್ತಿ. ಕೆಲಸ ಶುರುವಾಗಿದ್ದು 1501ರ ಹೊತ್ತಿಗೆ, ಮುಗಿಯೋಕೆ ಸುಮಾರು ನೂರು ವರ್ಷ. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಷ್ಟು ತೆರಿಗೆ ಹಾಕಿ ಕಟ್ಟಿದ್ದು. ಆ ತೆರಿಗೆಗೆ ಕಾಳುಮೆಣಸಿನ ಹೆಸರೇ ಇತ್ತು. ಒಳಾಂಗಣದ ಕಮಾನುಗಳ ಕಲ್ಲಿನಲ್ಲಿ ಹಗ್ಗ, ಗಂಟು, ಸಮುದ್ರದ ಬಳ್ಳಿ, ವಿಚಿತ್ರ ಪ್ರಾಣಿ ಎಲ್ಲ ಕೆತ್ತಿದ್ದಾರೆ. ಕೆತ್ತನೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಈ ಮಠದ ಸನ್ಯಾಸಿಗಳ ಕೆಲಸ ರಾಜನಿಗಾಗಿ, ಸಮುದ್ರಕ್ಕೆ ಹೋದ ನಾವಿಕರಿಗಾಗಿ ಪ್ರಾರ್ಥನೆ ಮಾಡುವುದಾಗಿತ್ತು.

ಚರ್ಚಿನ ಬಾಗಿಲ ಹತ್ತಿರ ಗಾಮನ ಸಮಾಧಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನ ಅವಶೇಷವನ್ನು ಮೊದಲು ಊರಿಗೆ ತಂದು, ಆಮೇಲೆ 1880ರಲ್ಲಿ ಇಲ್ಲಿಗೆ ತಂದರು. ಎದುರಿಗೆ ಕವಿ ಕಾಮೋಯಿಶ್ ಸಮಾಧಿ. ಜನ ಸಾಲಾಗಿ ಬಂದು ಆ ಕಲ್ಲಿನ ಕೈ ಜೋಡಿಸಿದ ಮೂರ್ತಿಯ ಫೋಟೋ ತೆಗೆದುಕೊಳ್ಳುತ್ತಾರೆ. ಆ ಕೈ ಇನ್ನೇನು ಮಾಡಿತ್ತು ಅನ್ನುವುದು ಅಲ್ಲಿ ಬರೆದಿಲ್ಲ. ಎರಡನೇ ಸಲ ಬಂದಾಗ, 1502ರಲ್ಲಿ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಗಳ ಹಡಗನ್ನು ಮಲಬಾರ್ ತೀರದಲ್ಲಿ ತಡೆದು, ಹೆಂಗಸರು ಮಕ್ಕಳು ಸೇರಿ ನೂರಾರು ಜನರಿದ್ದ ಹಾಗೇ ಸುಟ್ಟುಹಾಕಿಸಿದ. 1505ರಲ್ಲಿ ಬಂದ ಮೊದಲ ವೈಸ್‌ರಾಯ್ ಅಲ್ಮೇಡಾ ಅಂಜದೀವಿಯಲ್ಲಿ ಕೋಟೆ ಕಟ್ಟಿ, ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಇಡಿಸಿದ. ವ್ಯಾಪಾರ ಅಂದರೆ ಹೀಗಿತ್ತು.

ಆದರೆ ನಮ್ಮವರು ಸುಮ್ಮನೆ ತಲೆ ಬಗ್ಗಿಸಿ ಕೂತಿರಲಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳಬೇಕು. ಉಳ್ಳಾಲದ ಅಬ್ಬಕ್ಕ ಇವರ ಜೊತೆ ಕಾದಾಡಿದಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇವರೇ ‘ಕಾಳುಮೆಣಸಿನ ರಾಣಿ’ ಅಂತ ಕರೆದರು. ವಿಜಯನಗರದವರು ಇವರಿಂದ ಕುದುರೆ ಕೊಂಡರು. ಆ ಕುದುರೆ ವ್ಯಾಪಾರದ ದಾರಿಯಲ್ಲೇ ಪೇಸ್, ನೂನಿಜ್ ಅನ್ನುವ ಇಬ್ಬರು ಹಂಪಿಗೆ ಬಂದು ಕಂಡದ್ದನ್ನೆಲ್ಲ ಬರೆದರು. ಆ ಬರಹ 16ನೇ ಶತಮಾನದಲ್ಲೇ ಗೋವಾದಿಂದ ಲಿಸ್ಬನ್ನಿಗೆ ಬಂತು. ಹಸ್ತಪ್ರತಿ ಆಮೇಲೆ ಪ್ಯಾರಿಸ್ಸಿನಲ್ಲಿ ಸಿಕ್ಕಿ, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಮೂರು ವರ್ಷದ ನಂತರ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದ. ಕೃಷ್ಣದೇವರಾಯ ಬೆಳಗಿನ ಜಾವ ಎದ್ದು ಮೈಗೆ ಎಣ್ಣೆ ಹಚ್ಚಿ ಕಸರತ್ತು ಮಾಡುತ್ತಿದ್ದ ಅಂತ ನಾವು ಓದುತ್ತೀವಲ್ಲ, ಆ ವಿವರ ನಮಗೆ ಬಂದಿದ್ದು ಈ ದಾರಿಯಲ್ಲಿ. ನಮ್ಮ ಕರಾವಳಿಯಲ್ಲಿ ಬೆಂಕಿಯಿಟ್ಟವರ ನಾಡಿನವರೇ ನಮ್ಮ ರಾಜಧಾನಿಯ ಅತ್ಯುತ್ತಮ ವರ್ಣನೆಯನ್ನೂ ಬಿಟ್ಟುಹೋದರು. ಎರಡೂ ನಿಜ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸೋಕೆ ಆಗಲ್ಲ.

ಅಲ್ಲಿಂದ ನದಿಯ ದಂಡೆಗೆ ನಡೆದರೆ ಬೆಲೆಂ ಗೋಪುರ. ಅದರ ಒಂದು ಬುರುಜಿನ ಬುಡದಲ್ಲಿ, ಮಳೆ ಗಾಳಿಗೆ ಸವೆದ ಒಂದು ಪ್ರಾಣಿಯ ತಲೆ ಇದೆ. ಹುಡುಕಿ ನೋಡಿ, ಅದು ಘೇಂಡಾಮೃಗ. ಗುಜರಾತಿನ ಸುಲ್ತಾನ ಉಡುಗೊರೆಯಾಗಿ ಕೊಟ್ಟಿದ್ದನ್ನು ಗೋವಾದಿಂದ ಹಡಗು ಹತ್ತಿಸಿದರು. 1515ರ ಮೇ 20ರಂದು ಅದು ಲಿಸ್ಬನ್ನಿನಲ್ಲಿ ಇಳಿಯಿತು. ಯುರೋಪಿನವರು ಸಾವಿರಕ್ಕೂ ಹೆಚ್ಚು ವರ್ಷದಿಂದ ಅಂಥ ಪ್ರಾಣಿಯನ್ನು ಕಂಡಿರಲಿಲ್ಲ. ಜನ ಅದನ್ನು ಕರೆದಿದ್ದೂ ‘ಗಂಡಾ’ ಅಂತಲೇ, ನಮ್ಮ ಘೇಂಡಾದ ಪೈಕಿಯೇ. ಆನೆಗೂ ಇದಕ್ಕೂ ಆಗಿಬರಲ್ಲ ಅಂತ ಹಳೇ ಪುಸ್ತಕದಲ್ಲಿದೆ, ನೋಡೇಬಿಡೋಣ ಅಂತ ರಾಜ ಮಾನುಯೆಲ್ ಎರಡನ್ನೂ ಎದುರುಬದುರು ನಿಲ್ಲಿಸಿದ. ಆನೆ ಓಡಿಹೋಯಿತು. ಆಮೇಲೆ ಘೇಂಡಾವನ್ನು ಪೋಪನಿಗೆ ಉಡುಗೊರೆ ಕಳಿಸಿದರು. ದಾರಿಯಲ್ಲಿ ಹಡಗು ಮುಳುಗಿ, ಸರಪಣಿ ಕಟ್ಟಿದ್ದ ಆ ಪ್ರಾಣಿ ಇಟಲಿ ತೀರದಲ್ಲಿ ಸತ್ತಿತು. ಜರ್ಮನಿಯ ಡ್ಯೂರರ್ ಅದನ್ನು ಕಣ್ಣಿಂದ ನೋಡದೆಯೇ, ಯಾರೋ ಬರೆದಿದ್ದ ಪತ್ರ ಮತ್ತು ಗೀಚು ಚಿತ್ರ ಇಟ್ಟುಕೊಂಡು ಮಾಡಿದ ಅಚ್ಚಿನ ಚಿತ್ರ ಇವತ್ತಿಗೂ ಪ್ರಸಿದ್ಧ.

ಹಡಗಿನಲ್ಲಿ ಬಂದಿದ್ದು ಮೆಣಸು, ಪ್ರಾಣಿ ಮಾತ್ರ ಅಲ್ಲ, ಮನುಷ್ಯರೂ. 16ನೇ ಶತಮಾನದ ನಡುವಿನ ಹೊತ್ತಿಗೆ ಲಿಸ್ಬನ್ನಿನ ಜನರಲ್ಲಿ ಸುಮಾರು ಹತ್ತಕ್ಕೊಬ್ಬರು ಗುಲಾಮರು. ಹೆಚ್ಚಿನವರು ಆಫ್ರಿಕಾದವರು, ಭಾರತದಿಂದ ಒಯ್ದವರೂ ಇದ್ದರು. ದಂಡೆಯ ಮೇಲೆ ಹಡಗಿನ ಮೂತಿಯಂತೆ ಎದ್ದು ನಿಂತಿರುವ ನಾವಿಕರ ದೊಡ್ಡ ಸ್ಮಾರಕದಲ್ಲಿ ರಾಜರಿದ್ದಾರೆ, ಕವಿಗಳಿದ್ದಾರೆ, ಪಾದ್ರಿಗಳಿದ್ದಾರೆ. ಆ ಹತ್ತರಲ್ಲೊಬ್ಬರು ಇಲ್ಲ. ಅದನ್ನು ಕಟ್ಟಿಸಿದ್ದು 1940ರ ಒಂದು ಪ್ರದರ್ಶನಕ್ಕೆ ತಾತ್ಕಾಲಿಕವಾಗಿ, 1960ರಲ್ಲಿ ಕಾಯಂ ಆಗಿ. ಕಟ್ಟಿಸಿದ ಸರ್ಕಾರದ ಕತೆ ನಾಳೆಗಿರಲಿ.

ಇಷ್ಟಾದ ಮೇಲೆ ಹೊಟ್ಟೆ ಹಸಿದಿರುತ್ತೆ. ಮಠದ ಪಕ್ಕದಲ್ಲೇ 1837ರಿಂದ ಇರುವ ಅಂಗಡಿಯಲ್ಲಿ ಪಾಸ್ತೈಶ್ ದ ಬೆಲೆಂ ತಿನ್ನಿ. ಗರಿಗರಿ ಬಟ್ಟಲಿನೊಳಗೆ ಬಿಸಿ ಬಿಸಿ ಮೊಟ್ಟೆ ಹಾಲಿನ ಪಾಕ. 1834ರಲ್ಲಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಸನ್ಯಾಸಿಗಳ ಪಾಕವಿಧಾನ ಅಂಗಡಿಗೆ ಬಂತಂತೆ. ಮೇಲೆ ಉದುರಿಸಿಕೊಳ್ಳೋಕೆ ದಾಲ್ಚಿನ್ನಿ ಪುಡಿ ಕೊಡುತ್ತಾರೆ. ಆ ದಾಲ್ಚಿನ್ನಿಗೋಸ್ಕರ ಶ್ರೀಲಂಕಾದಲ್ಲಿ ಏನೇನಾಯ್ತು ಅನ್ನುವುದು ಇನ್ನೊಂದು ಲೇಖನ. ಉದುರಿಸಿಕೊಳ್ಳಿ, ಅದಿಲ್ಲದೆ ರುಚಿಯಿಲ್ಲ.

ಮೂರನೇ ದಿನ: 1974 ಏಪ್ರಿಲ್ 25

ಮೂರನೇ ದಿನ ಶಿಯಾದು ಕಡೆಯಿಂದ ಕಾರ್ಮು ಚೌಕಕ್ಕೆ ಹತ್ತಿ. ಲಿಸ್ಬನ್ನಿನಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ನೆರಳು ಕೊಡುವ ಜಕರಂದಾ ಮರ, ನಡುವೆ ಕಾರಂಜಿ, ಒಂದು ಬದಿಗೆ ಚಾವಣಿಯೇ ಇಲ್ಲದ ಕಾರ್ಮು ಚರ್ಚು. 1755ರಲ್ಲಿ ಬಿದ್ದ ಚಾವಣಿಯನ್ನು ಮತ್ತೆ ಹಾಕಲೇ ಇಲ್ಲ. ಕಮಾನುಗಳ ಅಸ್ಥಿಪಂಜರ, ಅದರ ನಡುವೆ ನೀಲಿ ಆಕಾಶ. ಈಗ ಒಳಗೊಂದು ಪುಟ್ಟ ಮ್ಯೂಸಿಯಂ.

1926ರಿಂದ ಪೋರ್ಚುಗಲ್ಲಿನಲ್ಲಿ ಸರ್ವಾಧಿಕಾರ. 1932ರಿಂದ 1968ರವರೆಗೆ ಪ್ರಧಾನಿಯಾಗಿದ್ದವನು ಸಲಜಾರ್ ಅನ್ನುವ ಅರ್ಥಶಾಸ್ತ್ರದ ಮೇಷ್ಟ್ರು. ಗುಪ್ತ ಪೊಲೀಸರು, ಪತ್ರಿಕೆಗಳಿಗೆ ಕತ್ತರಿ, ಎದುರಾಡಿದವರಿಗೆ ಜೈಲು. ಬೆರಳ್ಳಕ್ಕಿಯಷ್ಟು ದೇಶಕ್ಕೆ ಆಫ್ರಿಕಾದಲ್ಲಿ ಬೆಟ್ಟದಷ್ಟು ವಸಾಹತು. ಗೋವಾ ಬಿಡಿ ಅಂದರೆ ಸುತರಾಂ ಒಪ್ಪಲಿಲ್ಲ. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವಾ ಮತ್ತು ಅಂಜದೀವಿಗೆ ನುಗ್ಗಿದಾಗ ಕೊನೆಯವರೆಗೂ ಹೋರಾಡಿ ಅಂತ ಸಲಜಾರ್ ಹೇಳಿಕಳಿಸಿದ. ಅಲ್ಲಿದ್ದ ಗವರ್ನರ್ ವಸ್ಸಾಲು ಇ ಸಿಲ್ವಾ ಜನರನ್ನು ಸುಮ್ಮನೆ ಸಾಯಿಸೋಕೆ ಇಷ್ಟಪಡದೆ ಶರಣಾದ. ಊರಿಗೆ ಮರಳಿದ ಮೇಲೆ ಅವನನ್ನು ಸೇನೆಯಿಂದಲೇ ಹೊರಹಾಕಿದರು.

ಅದೇ ವರ್ಷ ಅಂಗೋಲಾದಲ್ಲಿ ಯುದ್ಧ ಶುರು. ಆಮೇಲೆ ಗಿನಿ, ಮೊಜಾಂಬಿಕ್. ಹದಿಮೂರು ವರ್ಷ ಮೂರು ಕಡೆ ಯುದ್ಧ. ಗೆಲ್ಲಲಾಗದ ಯುದ್ಧಕ್ಕೆ ಹುಡುಗರನ್ನು ಮತ್ತೆ ಮತ್ತೆ ಕಳಿಸಿ ಸಾಕಾದವರು ಮಂತ್ರಿಗಳಲ್ಲ, ಮಧ್ಯಮ ದರ್ಜೆಯ ಕ್ಯಾಪ್ಟನ್‌ಗಳು. 1974ರ ಏಪ್ರಿಲ್ 24ರ ರಾತ್ರಿ ಸುಮಾರು ಹನ್ನೊಂದಕ್ಕೆ ರೇಡಿಯೋದಲ್ಲಿ ಒಂದು ಪ್ರೇಮಗೀತೆ ಬಂತು, ಸಿದ್ಧರಾಗಿ ಅನ್ನುವ ಸೂಚನೆ ಅದು. ಹನ್ನೆರಡು ಇಪ್ಪತ್ತಕ್ಕೆ ಇನ್ನೊಂದು ಹಾಡು, ‘ಗ್ರಾಂಡೊಲಾ, ವಿಲಾ ಮೊರೇನಾ’. ಹೊರಡಿ ಅಂತ ಅರ್ಥ.

ಸಾಲ್ಗೇರು ಮಾಯಾ ಅನ್ನುವ 29 ವರ್ಷದ ಕ್ಯಾಪ್ಟನ್ ಸಾಂತಾರೆಮ್ ಅನ್ನುವ ಊರಿಂದ ತನ್ನ ತುಕಡಿ ತಗೊಂಡು ಲಿಸ್ಬನ್ನಿಗೆ ಬಂದ. ನಸುಕಿನಲ್ಲಿ ಊರೊಳಗೆ ಕೆಂಪು ಸಿಗ್ನಲ್ ಬಿದ್ದಾಗ ಕ್ರಾಂತಿ ಮಾಡೋಕೆ ಹೊರಟಿದ್ದ ಟ್ಯಾಂಕುಗಳು ಶಿಸ್ತಾಗಿ ನಿಂತವು ಅಂತ ಈಗಲೂ ನಕ್ಕು ಹೇಳುತ್ತಾರೆ. ಪ್ರಧಾನಿ ಕಾಯೆತಾನು ಈ ಕಾರ್ಮು ಚೌಕದ ಪೊಲೀಸ್ ಪಡೆಯ ಕಟ್ಟಡದಲ್ಲಿ ಅಡಗಿ ಕೂತ. ಮನೆಯಲ್ಲೇ ಇರಿ ಅಂತ ರೇಡಿಯೋ ಹೇಳುತ್ತಲೇ ಇತ್ತು, ಜನ ಕೇಳಲಿಲ್ಲ. ಮರ ಹತ್ತಿ, ಟ್ಯಾಂಕ್ ಹತ್ತಿ ಕೂತರು. ಸಂಜೆ ಹೊತ್ತಿಗೆ ಕಾಯೆತಾನು ಶರಣಾದ. 48 ವರ್ಷದ ಸರ್ವಾಧಿಕಾರ ಒಂದು ದಿನದಲ್ಲಿ ಮುಗಿಯಿತು. ಚೌಕದ ನೆಲದಲ್ಲಿ ಮಾಯಾನ ನೆನಪಿನ ಒಂದು ದುಂಡು ಕಲ್ಲಿದೆ. ತುಳಿದುಕೊಂಡು ಹೋಗೋ ಮುಂಚೆ ನೋಡಿಕೊಳ್ಳಿ.

ಹೂವಿನ ಕತೆಯೂ ಅವತ್ತಿನದೇ. ಸೆಲೆಸ್ತೆ ಕಾಯೇರು ಅನ್ನುವಾಕೆ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ಹೋಟೆಲ್ ಶುರುವಾಗಿ ಒಂದು ವರ್ಷ ಅಂತ ಗಿರಾಕಿಗಳಿಗೆ ಕೊಡೋಕೆ ಕಾರ್ನೇಷನ್ ಹೂ ತರಿಸಿದ್ದರು. ಗಲಾಟೆ ಅಂತ ಮಾಲೀಕ ಬಾಗಿಲು ಹಾಕಿ, ಹೂ ಮನೆಗೆ ತಗೊಂಡು ಹೋಗಿ ಅಂದ. ದಾರಿಯಲ್ಲಿ ಒಬ್ಬ ಸೈನಿಕ ಸಿಗರೇಟು ಇದೆಯಾ ಅಂತ ಕೇಳಿದ. ಆಕೆ ಹತ್ತಿರ ಸಿಗರೇಟು ಇರಲಿಲ್ಲ, ಒಂದು ಹೂ ಕೊಟ್ಟಳು. ಅವನು ಬಂದೂಕಿನ ನಳಿಗೆಗೆ ಸಿಗಿಸಿಕೊಂಡ. ಕ್ರಾಂತಿಗೆ ಕಾರ್ನೇಷನ್ ಹೆಸರು ಬಂದಿದ್ದು ಹೀಗೆ.

ಇದನ್ನು ರಕ್ತವೇ ಹರಿಯದ ಕ್ರಾಂತಿ ಅಂತ ಹೇಳೋದುಂಟು. ಪೂರ್ತಿ ಸರಿಯಲ್ಲ. ಕಾರ್ಮುವಿನಿಂದ ಹತ್ತು ನಿಮಿಷದ ದಾರಿ, ಅಂತೋನಿಯು ಮರೀಯಾ ಕಾರ್ದೋಜು ಬೀದಿಯಲ್ಲಿ ಗುಪ್ತ ಪೊಲೀಸರ ಮುಖ್ಯ ಕಚೇರಿ ಇತ್ತು. ಅಲ್ಲಿ ಸೇರಿದ ಜನರ ಮೇಲೆ ಒಳಗಿನಿಂದ ಗುಂಡು ಹಾರಿಸಿದರು, ನಾಲ್ಕು ಜನ ಸತ್ತರು. ಆ ಕಟ್ಟಡ ಈಗ ಐಷಾರಾಮಿ ಅಪಾರ್ಟ್‌ಮೆಂಟು. ಗೋಡೆ ಮೇಲೆ ಸಣ್ಣ ಫಲಕ ಮಾತ್ರ ಇದೆ. ಸಮಯವಿದ್ದರೆ ಅಲ್ಫಾಮಾ ಪಕ್ಕದ ಅಲ್ಜೂಬೆಗೂ ಹೋಗಿ. ರಾಜಕೀಯ ಕೈದಿಗಳನ್ನು ಇಡುತ್ತಿದ್ದ ಜೈಲು, 2015ರಿಂದ ಮ್ಯೂಸಿಯಂ. ಕೈ ಚಾಚಿದರೆ ಎರಡೂ ಗೋಡೆ ತಾಗುವಂಥ ಕೋಣೆಗಳನ್ನು ನೋಡಿ ಹೊರಗೆ ಬಂದ ಮೇಲೆ ಲಿಸ್ಬನ್ನಿನ ಬಿಸಿಲು ಬೇರೆಯೇ ಥರ ಕಾಣುತ್ತೆ.

ಮರುವರ್ಷ ಅದೇ ಏಪ್ರಿಲ್ 25ಕ್ಕೆ ಚುನಾವಣೆ ನಡೆಯಿತು. ನೂರಕ್ಕೆ 91ಕ್ಕೂ ಹೆಚ್ಚು ಜನ ವೋಟು ಹಾಕಿದರು. ವೋಟಿನ ದಿನ ಸಿಕ್ಕರೆ ಲಾಂಗ್ ವೀಕೆಂಡ್ ಪ್ಲಾನ್ ಮಾಡುವ ನಾವು ಈ ಅಂಕಿ ಒಂದನ್ನಾದರೂ ನೆನಪಿಟ್ಟುಕೊಳ್ಳಬೇಕು. ಅದೇ ವರ್ಷ ಅಂಗೋಲಾ, ಮೊಜಾಂಬಿಕ್ ಸ್ವತಂತ್ರವಾದವು. ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದು ಕೂಡ ಈ ಕ್ರಾಂತಿಯಾದ ಮೇಲೆಯೇ, 1974ರ ಕೊನೆಯ ದಿನ.

ಸಂಜೆಗಳು, ಮತ್ತು ಊಟ

ಮೂರೂ ಸಂಜೆಯಲ್ಲಿ ಒಂದನ್ನು ಫಾದೂಗೆ ಮೀಸಲಿಡಿ. 19ನೇ ಶತಮಾನದಲ್ಲಿ ಅಲ್ಫಾಮಾ, ಮೋರಾರಿಯಾದ ಬಡವರ ಹೆಂಡದಂಗಡಿಗಳಲ್ಲಿ ಹುಟ್ಟಿದ ಹಾಡು. ಮೊದಲ ಪ್ರಸಿದ್ಧ ಗಾಯಕಿ ಮರೀಯಾ ಸೆವೇರಾ ಬದುಕಿದ್ದು 26 ವರ್ಷ. ದೊಡ್ಡ ಹೋಟೆಲುಗಳ ಡಿನ್ನರ್ ಶೋಗಿಂತ ಹತ್ತು ಹನ್ನೆರಡು ಮೇಜಿನ ಸಣ್ಣ ಜಾಗ ಹುಡುಕಿ. ದೀಪ ಸಣ್ಣದು ಮಾಡಿದರು ಅಂದರೆ ಮಾತು ನಿಲ್ಲಿಸಬೇಕು, ಚಮಚದ ಸದ್ದೂ ಆಗಬಾರದು. ಭಾಷೆ ಒಂದಕ್ಷರ ಗೊತ್ತಿಲ್ಲದಿದ್ದರೂ ಎದೆಗೆ ತಾಗುತ್ತೆ.

ಮೋರಾರಿಯಾ ಅಂದರೆ 1147ರ ನಂತರ ಸೋತ ಮುಸ್ಲಿಮರಿಗೆ ಇರೋಕೆ ಬಿಟ್ಟುಕೊಟ್ಟ ಕೇರಿ. ಈಗ ಅಲ್ಲಿ ಬಾಂಗ್ಲಾದೇಶ, ನೇಪಾಳ, ಭಾರತದವರ ಅಂಗಡಿಗಳು. ಕೊತ್ತಂಬರಿ ಸೊಪ್ಪಿನ ವಾಸನೆಗೆ ಒಂದು ಕ್ಷಣ ಊರು ಮರೆತುಹೋಗುತ್ತೆ. ಲಿಸ್ಬನ್ನಿನ ಸಾಮಾನ್ಯ ಬೇಕರಿಗಳಲ್ಲೂ ‘ಶಮುಸ’ ಅಂತ ಸಮೋಸ ಸಿಗುತ್ತದೆ. ಹೆಚ್ಚಿನದರಲ್ಲಿ ಮಾಂಸ ಇರುತ್ತೆ, ಕೇಳಿಯೇ ತಗೊಳ್ಳಿ. ಸಸ್ಯಾಹಾರಿಗಳು ‘ಸೋ ವೆಜೆಟರಿಯಾನು’ ಅನ್ನೋದನ್ನು ಕಲಿತಿಟ್ಟುಕೊಳ್ಳಿ. ಮೊಜಾಂಬಿಕ್ ಸ್ವತಂತ್ರವಾದಾಗ ಇಲ್ಲಿಗೆ ಬಂದ ಗುಜರಾತಿಗಳು ಕಟ್ಟಿದ ರಾಧಾಕೃಷ್ಣ ದೇವಸ್ಥಾನದಲ್ಲಿ ಶುದ್ಧ ಸಸ್ಯಾಹಾರದ ಕ್ಯಾಂಟೀನ್ ಇದೆ. ಹೋಟೆಲಿನಲ್ಲಿ ಕೂತ ತಕ್ಷಣ ಕೇಳದೆಯೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಅದು ಫ್ರೀ ಅಲ್ಲ. ಬೇಡ ಅಂದರೆ ನಗುತ್ತಲೇ ವಾಪಸ್ ತಗೊಂಡು ಹೋಗುತ್ತಾರೆ.

ಜೂನ್ 12ರ ರಾತ್ರಿ ಅಲ್ಲಿದ್ದರೆ ನಿಮ್ಮ ಅದೃಷ್ಟ. ಸಂತ ಅಂತೋನಿಯ ಹಬ್ಬ. ಓಣಿ ಓಣಿಯಲ್ಲೂ ಕೆಂಡದ ಮೇಲೆ ಮೀನು, ಹಾಡು, ಕುಣಿತ. ಪ್ರೀತಿಸಿದವರಿಗೆ ತುಳಸಿಯ ನೆಂಟನಂಥ ಒಂದು ಗಿಡವನ್ನು ಪುಟ್ಟ ಕುಂಡದಲ್ಲಿಟ್ಟು ಕೊಡುತ್ತಾರೆ. ಅದನ್ನು ನೇರ ಮೂಸಬಾರದು, ಬಾಡುತ್ತದಂತೆ. ಅಂಗೈಯಲ್ಲಿ ಸವರಿ, ಅಂಗೈ ಮೂಸಬೇಕು.

ಪಗಾರ, ಚಾವಿ, ಇಸ್ತ್ರಿ, ಬಟಾಟೆ, ಅನಾನಸು ಅಂತ ನಮ್ಮ ಮನೆಯಲ್ಲಿ ದಿನವೂ ಆಡುವ ಮಾತುಗಳು ಇವರ ಭಾಷೆಯಿಂದ ಬಂದವು. ಮೆಣಸಿನಕಾಯಿ ಕೂಡ ಅಮೆರಿಕದಿಂದ ಇವರ ಹಡಗಿನಲ್ಲೇ ನಮ್ಮಲ್ಲಿಗೆ ಬಂತು. ನಮ್ಮವರು ಆ ಹೊಸ ಕಾಯಿಗೆ ಹಳೇ ಮೆಣಸಿನ ಹೆಸರನ್ನೇ ಇಟ್ಟು ಒಗ್ಗರಣೆಗೆ ಹಾಕಿದರು. ಈಗ ಅದಿಲ್ಲದೆ ಸಾರಿಲ್ಲ. ಲಿಸ್ಬನ್ನಿನಿಂದ ನಮಗೆ ಬಂದಿದ್ದರ ಲೆಕ್ಕ ಹಾಕುವಾಗ ಇದನ್ನು ಬಿಡೋಕಾಗಲ್ಲ, ಹೊನ್ನಾವರದ ಬೆಂಕಿಯನ್ನೂ ಬಿಡೋಕಾಗಲ್ಲ.

ವಿಮಾನ ಹತ್ತುವ ಹಿಂದಿನ ಸಂಜೆ ನದಿಯ ದಂಡೆಯ ದೊಡ್ಡ ಚೌಕಕ್ಕೆ ಬನ್ನಿ. ಊರವರು ಇದನ್ನು ಇವತ್ತಿಗೂ ‘ಅರಮನೆ ಅಂಗಳ’ ಅಂತಲೇ ಕರೆಯುತ್ತಾರೆ, ಅರಮನೆ ಹೋಗಿ ಎರಡೂವರೆ ಶತಮಾನ ದಾಟಿದ್ದರೂ. ಮೆಣಸಿನ ಉಗ್ರಾಣ ಇದ್ದದ್ದು ಇಲ್ಲಿ. ಸುನಾಮಿ ನುಗ್ಗಿದ್ದು ಇಲ್ಲಿಗೆ. ಮಾಯಾನ ಟ್ಯಾಂಕುಗಳು ಮೊದಲು ಬಂದು ನಿಂತಿದ್ದೂ ಇಲ್ಲೇ. ಎರಡು ಕಂಬಗಳ ನಡುವೆ ಕಲ್ಲಿನ ಮೆಟ್ಟಿಲುಗಳು ನೀರೊಳಗೆ ಇಳಿಯುತ್ತವೆ. ಹುಡುಗರು ಗಿಟಾರ್ ಹಿಡಿದು ಕೂತಿರುತ್ತಾರೆ. ನೀವೂ ಒಂದು ಮೆಟ್ಟಿಲು ಹಿಡಿದು ಕೂತುಕೊಳ್ಳಿ. ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತೆ, ಜೋಪಾನ.